ನಿಲ್ಲಲು ಬಾರದ ವ್ಯಾನು

ನಮ್ಮ ಊರಿನಲ್ಲಿ ಯಾರೂ ಉಂಡೆ ಕಟ್ಟುವುದಿಲ್ಲ. ಎಳ್ಳಾಗಲಿ, ರವೆಯಾಗಲಿ, ಕಡಲೆಹಿಟ್ಟಾಗಲಿ, ತಟ್ಟಿ ಬಿಲ್ಲೆ ಮಾಡುತ್ತೇವೆ. ಉಂಡೆಯಾದರೆ ಅದು ತಟ್ಟೆಯಿಂದ ಇಳಿದು, ಹೊಸ್ತಿಲು ದಾಟಿ, ಬೆಳಗಿನ ಹೊತ್ತಾದರೆ ಮೂಡಲಪೇಟೆಯ ಕಡೆಗೂ ಸಂಜೆಯಾದರೆ ಪಡುವಲಬೀದಿಯ ಕಡೆಗೂ ಹೊರಟುಬಿಡುತ್ತದೆ. ಬೆಳಿಗ್ಗೆ ನಮ್ಮ ಊರು ಮೂಡಲಿಗೆ ಇಳಿಜಾರು. ಮಧ್ಯಾಹ್ನ ಮಗ್ಗುಲು ಬದಲಿಸುತ್ತದೆ. ಆಮೇಲೆ ಪಡುವಲಿಗೆ ಇಳಿಜಾರು. ಬೆಳಗಿನ ಜಾವ ಇನ್ನೊಮ್ಮೆ ಹೊರಳುತ್ತದಂತೆ, ಆಗ ನಾವೆಲ್ಲ ನಿದ್ದೆಯಲ್ಲಿರುತ್ತೇವೆ. ಮನೆಗಳೆಲ್ಲ ಪಡುವಲಲ್ಲಿವೆ, ಶಾಲೆ, ಕಚೇರಿ, ಅಂಗಡಿಗಳು ಮೂಡಲಲ್ಲಿವೆ. ಹೋಗುವಾಗಲೂ ಇಳಿಜಾರು, ಬರುವಾಗಲೂ ಇಳಿಜಾರು. ಹೀಗೆ ಯೋಚಿಸಿ ಊರು ಕಟ್ಟಿದ ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ. ಎಡೆಯಲ್ಲೂ ಬಿಲ್ಲೆಯೇ.

ಮಧ್ಯಾಹ್ನ ಊರು ಹೊರಳುವ ಮುಂಚೆ ಒಂದು ಇಪ್ಪತ್ತು ನಿಮಿಷ ಎಲ್ಲವೂ ಅಂಗೈಯಷ್ಟು ಸಮವಾಗಿರುತ್ತದೆ. ಅದಕ್ಕೆ ಸಮಗಳಿಗೆ ಅನ್ನುತ್ತೇವೆ. ಊರೆಲ್ಲ ಆಗಲೇ ಊಟಕ್ಕೆ ಕೂರುತ್ತದೆ. ದುಂಡನೆಯ ದೋಸೆ ಬೇಕಾದವರು ಆಗಲೇ ಹೊಯ್ಯಬೇಕು. ಬೇರೆ ಹೊತ್ತಿನಲ್ಲಿ ಅದು ಮಾವಿನೆಲೆಯ ಆಕಾರಕ್ಕೆ ಹರಿಯುತ್ತದೆ. ಎಣ್ಣೆ ಗಿರಣಿಯ ಸೈರನ್ ಕೂಗಿದರೆ ಸಮಗಳಿಗೆ ಮುಗಿಯಿತೆಂದು ಅರ್ಥ. ಆಗ ಎಲ್ಲರೂ ಎದ್ದು ತಮ್ಮ ತಮ್ಮ ಸಾಮಾನುಗಳ ಬೆಣೆಗಳನ್ನು ಮೂಡಲ ಮಗ್ಗುಲಿನಿಂದ ತೆಗೆದು ಪಡುವಲ ಮಗ್ಗುಲಿಗೆ ಕೊಡುತ್ತಾರೆ. ಮಂಚಕ್ಕೆ, ಬೀರುವಿಗೆ, ತೊಟ್ಟಿಲಿಗೆ, ಗಾಡಿಗೆ, ಎಲ್ಲಕ್ಕೂ ಬೆಣೆ ಬೇಕು. ಆ ಬೆಣೆಗಳಲ್ಲಿ ಮುಕ್ಕಾಲುಪಾಲು ನನ್ನ ಸೋದರತ್ತೆಯ ಅಂಗಡಿಯವು.

ನನ್ನ ಹೆಸರು ಇಂದುಕಲಾ. ಊರಿನ ವಾರಪತ್ರಿಕೆಗೆ ವಾಹನ ಪರೀಕ್ಷೆಯ ಅಂಕಣ ಬರೆಯುತ್ತೇನೆ. ಹೊಸ ಗಾಡಿ ಯಾವುದೇ ಬರಲಿ, ಏಳು ದಿನ ನಮ್ಮ ಮನೆಯಲ್ಲಿರಬೇಕು, ನಮ್ಮ ಸಂಸಾರವನ್ನೆಲ್ಲ ಹೊರಬೇಕು. ಆಮೇಲೆ ನಾನು ಬರೆಯುತ್ತೇನೆ. ಕಾನೂನೇನೂ ಇಲ್ಲ. ಆದರೆ ನಾನು ಒಪ್ಪದ ಗಾಡಿಯನ್ನು ನಮ್ಮೂರಿನಲ್ಲಿ ಯಾರೂ ಕೊಳ್ಳುವುದಿಲ್ಲ. ಹನ್ನೆರಡು ವರ್ಷಗಳಲ್ಲಿ ನಾನು ಒಂದು ಸಾಲೂ ಸುಳ್ಳು ಬರೆದವಳಲ್ಲ. ಅದು ನನ್ನ ಗುಣವೆಂದು ಹೇಳಿಕೊಳ್ಳಲಾರೆ. ಬೆಳೆಸಿದವಳು ಹಾಗೆ ಬೆಳೆಸಿದಳು.

ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪನ ತಂಗಿ ಮುದ್ದರಂಗಮ್ಮ ನನ್ನನ್ನು ನೋಡಿಕೊಳ್ಳಲೆಂದು ಬಂದವಳು ಮತ್ತೆ ಹೋಗಲಿಲ್ಲ. ಆಗ ಅವಳಿಗೆ ಇಪ್ಪತ್ಮೂರು. ಅಷ್ಟರೊಳಗೆ ನೋಡಲು ಬಂದ ಒಂಬತ್ತು ಗಂಡುಗಳನ್ನು ಅವಳು ಬೇಡವೆಂದಿದ್ದಳು. ಒಬ್ಬ ಕಾಫಿಯನ್ನು ಸೊರ ಸೊರ ಕುಡಿದನೆಂದು, ಒಬ್ಬ ತನ್ನ ತಾಯಿಯನ್ನು ಗದರಿದನೆಂದು, ಒಬ್ಬ ಎಲ್ಲದಕ್ಕೂ ಹೌದು ಹೌದು ಅಂದನೆಂದು. ಹತ್ತನೆಯವನನ್ನು ಕರೆಸುವ ಹೊತ್ತಿಗೆ ನನ್ನ ಜಡೆ ಹೆಣೆಯುವ ಕೆಲಸ ಬಂತು, ಮದುವೆಯ ಮಾತು ಅಲ್ಲಿಗೆ ನಿಂತಿತು. ನಾನು ಅವಳನ್ನು ಮುದ್ದತ್ತೆ ಅನ್ನುತ್ತೇನೆ. ಅವಳಲ್ಲಿ ಮುದ್ದು ಇದ್ದದ್ದು ಹೆಸರಿನಲ್ಲಿ ಮಾತ್ರ ಎಂದು ಬೀದಿಯವರು ಅನ್ನುತ್ತಿದ್ದರು. ಜಾಲಿ ಮರ ಕಡಿದು ಬೆಣೆ ಮಾಡುವವಳ ಕೈ ಮೆತ್ತಗಿರಲು ಹೇಗೆ ಸಾಧ್ಯ?

ಆ ವ್ಯಾನು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಬೆಳ್ಳುಳ್ಳಿ ಸಿಪ್ಪೆಯ ಬಣ್ಣ, ಏಳು ಸೀಟು, ಅಂಗಡಿಯ ಗಾಜಿನ ಕಪಾಟಿನಂತೆ ಪಕ್ಕಕ್ಕೆ ಸರಿಯುವ ಬಾಗಿಲು. ಅದನ್ನು ತಂದವರು ಕಂಪನಿಯ ಮೆಕ್ಯಾನಿಕ್ ಐತಪ್ಪ ಶೇರಿಗಾರರು. ಅರವತ್ತರ ವಯಸ್ಸು, ಸಮುದ್ರದ ಕಡೆಯ ಮಾತು, ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್ಲು. ಏಳು ದಿನವೂ ಅವರು ನಮ್ಮೊಡನೆ ಇರಬೇಕೆಂದು ಕಂಪನಿಯ ಕಟ್ಟಪ್ಪಣೆ. ನಾನು, ನನ್ನ ಗಂಡ ಶ್ರೀಕಂಠು, ನಮ್ಮ ಒಂಬತ್ತು ವರ್ಷದ ಅವಳಿ ಹೆಣ್ಣುಮಕ್ಕಳು ಮಿಂಚು ಮತ್ತು ಮಲ್ಲಿ, ಅಪ್ಪ, ಮುದ್ದತ್ತೆ. ಆರು ಜನ. ಏಳನೆಯ ಸೀಟು ಅವರಿಗೆ ಸರಿಹೋಯಿತು.

"ಇದು ಹೈಬ್ರಿಡ್," ಎಂದರು ಶೇರಿಗಾರರು.

ಅಪ್ಪ ಮೂಡಲಗಿರಿಯಪ್ಪ ಮೂವತ್ತೈದು ವರ್ಷ ಊರಿನಲ್ಲಿ ಅಂಚೆ ಹಂಚಿದವರು. ಹೊಸದೇನು ಬಂದರೂ ಮೊದಲು ಅನುಮಾನಿಸುತ್ತಾರೆ. "ಹೈಬ್ರಿಡ್ ಟೊಮೊಟೊ ತಿಂದಿದೀನಿ ನಾನು. ನೋಡೋಕೆ ಕೆಂಪು. ಸಾರಿಗೆ ಹಾಕಿದ್ರೆ ಒಳಗೇನೂ ಇಲ್ಲ."

"ಇದು ಹಾಗಲ್ಲ ಯಜಮಾನ್ರೆ. ಇದಕ್ಕೆ ಎರಡು ಜೀವ ಉಂಟು. ಒಂದು ಪೆಟ್ರೋಲಿಂದು, ಒಂದು ಬ್ಯಾಟರಿದು. ಏರು ಹತ್ಲಿಕ್ಕೆ ಪೆಟ್ರೋಲು. ಇಳಿಯುವಾಗ ಬ್ರೇಕು ಹಾಕ್ತೇವಲ್ಲ, ಆ ಶಕ್ತಿ ದಂಡ ಆಗುದಿಲ್ಲ, ಬ್ಯಾಟರಿಗೆ ಹೋಗಿ ಕೂತ್ಕೊಳ್ತದೆ."

ಶ್ರೀಕಂಠು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಅವರ ಕಣ್ಣು ಅಗಲವಾಯಿತು. "ಹೋಗ್ತಾನೂ ಇಳಿಜಾರು, ಬರ್ತಾನೂ ಇಳಿಜಾರು. ಅಂದ್ರೆ ಇದು ನಮ್ಮೂರಲ್ಲಿ ಓಡಿದಷ್ಟೂ ತುಂಬ್ಕೊಳ್ಳುತ್ತೆ?"

"ಅದಕ್ಕೇ ಬಂದದ್ದು ನಾನು," ಎಂದು ಶೇರಿಗಾರರು ನಕ್ಕರು.

ಮುದ್ದತ್ತೆ ಅದುವರೆಗೂ ವ್ಯಾನಿನ ಸುತ್ತ ಮೂರು ಸುತ್ತು ಬಂದಿದ್ದಳು. "ಓಡೋದನ್ನ ಎಲ್ಲಾರೂ ಹೇಳ್ತಾರೆ. ನಿಲ್ಲೋದು ಹೇಗೆ?"

"ಗುಂಡಿ ಉಂಟು ಅಮ್ಮ. ಒತ್ತಿದ್ರೆ ಮುಗೀತು, ನಿಂತಲ್ಲೇ ನಿಲ್ತದೆ. ಬೆಣೆ ಗಿಣೆ ಎಂತದೂ ಬೇಡ."

ಬೆಣೆ ಮಾರುವವಳ ಎದುರು ಹೇಳಿದ ಮಾತು ಅದು. ಮುದ್ದತ್ತೆ ಸೆರಗಿನ ಮೇಲಿದ್ದ ಮರದ ಪುಡಿಯನ್ನು ನಿಧಾನವಾಗಿ ಕೊಡವಿಕೊಂಡಳು. "ಮೊದಲ್ನೇದು, ಅಮ್ಮ ಅನ್ಬೇಡಿ. ನಿಮ್ಗಿಂತ ಮೂರು ನಾಕು ವರ್ಷ ಚಿಕ್ಕೋಳೇ ಇರ್ಬೇಕು ನಾನು. ಎರಡ್ನೇದು, ಗುಂಡಿ ಒತ್ತಿದ್ರೆ ನಿಲ್ಲುತ್ತೆ ಅಂತ ನಿಮಗೆ ಹೇಳ್ದೋರ್ಯಾರು?"

"ಕಂಪನಿಯವರು."

"ಅವರ ಊರು ಹೊರಳುತ್ತಾ?"

"ಇಲ್ಲ."

ಮುದ್ದತ್ತೆ ಹಿತ್ತಿಲಿನಿಂದ ಎರಡು ದೊಡ್ಡ ಬೆಣೆ ತಂದು ವ್ಯಾನಿನ ಚಕ್ರಗಳಿಗೆ ಕೊಟ್ಟಳು. ಅಂದಿನಿಂದ ವ್ಯಾನು ಎಲ್ಲಿ ನಿಂತರೂ ಅವಳೇ ಇಳಿದು ಬೆಣೆ ಕೊಡುತ್ತಿದ್ದಳು. ಶೇರಿಗಾರರು ಗುಂಡಿಯನ್ನೂ ಒತ್ತುತ್ತಿದ್ದರು. ಯಾವುದು ನಿಲ್ಲಿಸಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಪರೀಕ್ಷೆ ಶುರುವಾಯಿತು. ಕೊನೆಯ ಸಾಲಿನಲ್ಲಿ ಅಪ್ಪನನ್ನು ಕೂರಿಸಿದೆವು, ಅವರು ಮನೆಯಲ್ಲಿ ಎಲ್ಲರಿಗಿಂತ ಉದ್ದ. ಮಂಡಿ ಕಿವಿಗೆ ತಾಗುತ್ತದೆಂದು ದೂರಿದರು. ಶೇರಿಗಾರರು ಮುಂದಿನ ಸೀಟನ್ನು ಮಡಚಿ ತೋರಿಸಿದ ಮೇಲೆ ಅಪ್ಪ ಅಲ್ಲೇ ಅಡ್ಡಾಗಿ ಗೊರಕೆ ಹೊಡೆದರು. ಎದ್ದು, "ಹೈಬ್ರಿಡ್ ಪರವಾಗಿಲ್ಲ," ಎಂದರು. ಬಾಗಿಲ ಕೆಳಗೆ ಕಾಲು ಆಡಿಸಿದರೆ ಬಾಗಿಲು ತಾನೇ ಸರಿಯುತ್ತಿತ್ತು. ಕೈಯಲ್ಲಿ ಸಾಮಾನು ಹಿಡಿದವರಿಗೆ ಅನುಕೂಲವಾಗಲೆಂದು ಮಾಡಿದ್ದಂತೆ. ಅವಳಿಗಳು ಎರಡು ದಿನ ಅದೇ ಕೆಲಸ ಮಾಡಿದರು. ಪಕ್ಕದ ಮನೆಯ ನಾಯಿಯೂ ಕಲಿತುಕೊಂಡಿತು. ಒಮ್ಮೆ ನಾವು ಹೊರಡುವಾಗ ಅದು ನಡುವಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಹೊರಗೆ ನೋಡುತ್ತಿತ್ತು. ಶ್ರೀಕಂಠು ಪ್ರತಿ ಸಂಜೆ ಪೆಟ್ರೋಲಿನ ಮುಳ್ಳನ್ನು ನೋಡಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ಮೂರು ದಿನವಾದರೂ ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ. ಅವರಿಗೆ ರಾತ್ರಿಯ ಊಟ ಸೇರುತ್ತಿರಲಿಲ್ಲ, ಅಷ್ಟು ಸಂತೋಷ.

ಮೂರನೆಯ ದಿನ ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆದುಕೊಂಡಿದ್ದೇನೆ: ನಡುವಿನ ಸಾಲಿನ ಎಡಗಡೆಯಿಂದ ಒಂದು ಹೊಸ ಶಬ್ದ, ಗೆಜ್ಜೆ ಸಡಿಲವಾದ ಹಾಗೆ, ಬಿಟ್ಟು ಬಿಟ್ಟು ಬರುತ್ತಿದೆ, ಕಾರಣ ನೋಡಬೇಕು. ವ್ಯಾನು ನಿಲ್ಲಿಸಿ ಹಿಂದೆ ತಿರುಗಿದೆ. ಅದು ಮುದ್ದತ್ತೆಯ ನಗು. ಶೇರಿಗಾರರು ಏನೋ ಹೇಳಿದ್ದರು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಮೂವತ್ನಾಲ್ಕು ವರ್ಷ ಅವಳ ಜೊತೆಗಿದ್ದೂ ಆ ಶಬ್ದ ನನಗೆ ಪರಿಚಯವಿರಲಿಲ್ಲ. "ಮುಂದೆ ನೋಡ್ಕೊಂಡು ಓಡ್ಸು," ಎಂದು ಗದರಿದಳು.

ನಾಲ್ಕನೆಯ ದಿನ ಮುದ್ದತ್ತೆಗೆ ಮರದ ಡಿಪೋಗೆ ಹೋಗಬೇಕಾಯಿತು. ಐದನೆಯ ದಿನ ಮತ್ತೆ ಹೋಗಬೇಕಾಯಿತು, ಅದೂ ಎರಡು ಸಲ. ಹತ್ತು ವರ್ಷಕ್ಕಾಗುವಷ್ಟು ಜಾಲಿ ಅಂಗಡಿಯ ಹಿಂದೆ ಬಿದ್ದಿತು. ಡಿಪೋ ಊರ ನಡುವೆ ಇದೆ. ಮಧ್ಯಾಹ್ನದ ಮೇಲೆ ಅಲ್ಲಿಂದ ಅಂಗಡಿಗೆ ಬರಬೇಕಾದರೆ ಏರು. ಪೆಟ್ರೋಲು ಎಂಜಿನ್ನು ಹೇಗೆ ಎಳೆಯುತ್ತದೆಂದು ನೋಡಬೇಕಲ್ಲ ಎಂದು ಅವಳೇ ನನಗೆ ಕಾರಣ ಕೊಟ್ಟಳು. ನಾನು ಕೇಳಿರಲಿಲ್ಲ. ಅವಳಿಗಳು ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಓಡಿದರು. ಅಪ್ಪ ಮಾತ್ರ ಏನೂ ತಿಳಿಯದೆ, "ರಂಗಿ, ಇಷ್ಟೊಂದು ಮರ ಯಾಕೇ?" ಎಂದು ಕೇಳಿ ಬೈಸಿಕೊಂಡರು.

ಡಿಪೋದ ದಾರಿಯಲ್ಲಿ ಅವರು ಏನು ಮಾತಾಡಿಕೊಂಡರೋ ನನಗೆ ಪೂರ್ತಿ ಗೊತ್ತಿಲ್ಲ. ಶೇರಿಗಾರರ ಹೆಂಡತಿ ಮದುವೆಯಾದ ಹನ್ನೊಂದನೆಯ ವರ್ಷ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಅಲ್ಲಿಂದೀಚೆಗೆ ಅವರು ಕಂಪನಿಯ ಗಾಡಿಗಳ ಜೊತೆ ಊರೂರು ಸುತ್ತುತ್ತ ಲಾಡ್ಜಿನ ದಿಂಬಿನ ಮೇಲೆಯೇ ಮಲಗಿದವರು. ಇಷ್ಟನ್ನು ಅವಳೇ ಒಂದು ಮಧ್ಯಾಹ್ನ ಬೆಣೆ ಕೆತ್ತುತ್ತ ಹೇಳಿದಳು. ಇನ್ನೊಂದು ಮಾತನ್ನು ತಗ್ಗಿದ ದನಿಯಲ್ಲಿ ಸೇರಿಸಿದಳು. "ಈ ವ್ಯಾನು ಪಾಸಾದ್ರೆ ಕಂಪನಿಯೋರು ಇಲ್ಲೊಂದು ವರ್ಕ್‌ಶಾಪು ಹಾಕ್ತಾರಂತೆ. ಅದನ್ನ ನೋಡ್ಕೊಳ್ಳೋಕೆ ಅವ್ರನ್ನೇ ಬಿಡ್ತಾರಂತೆ." ಉಳಿ ಎರಡು ಸಲ ತಪ್ಪಿ ಬಿತ್ತು. ಅವಳ ಉಳಿ ತಪ್ಪುವುದನ್ನು ನಾನು ನೋಡಿರಲೇ ಇಲ್ಲ.

ಆರನೆಯ ದಿನ ಶನಿವಾರ. ನನ್ನ ಪಟ್ಟಿಯಲ್ಲಿ ಒಂದು ಪರೀಕ್ಷೆ ಉಳಿದಿತ್ತು. ಗುಂಡಿಯೊಂದನ್ನೇ ನಂಬಿ, ಬೆಣೆಯಿಲ್ಲದೆ, ಊರು ಹೊರಳುವಾಗ ವ್ಯಾನು ನಿಲ್ಲುತ್ತದೆಯೇ? ಶೇರಿಗಾರರನ್ನು ಕೇಳಿದೆ. "ನೋಡುವ ಮೇಡಮ್. ನನಗೂ ಗೊತ್ತಾಗ್ಬೇಕು," ಎಂದರು. ಮೂಡಲಪೇಟೆಯಲ್ಲಿ ಪತ್ರಿಕೆಯ ಕಚೇರಿಯ ಮುಂದೆ ವ್ಯಾನು ನಿಲ್ಲಿಸಿ, ಗುಂಡಿ ಒತ್ತಿ, ಸಮಗಳಿಗೆಯಲ್ಲಿ ಎರಡೂ ಬೆಣೆ ತೆಗೆದು ಪಕ್ಕಕ್ಕಿಟ್ಟೆವು. ಮುದ್ದತ್ತೆ ಎದುರಿನ ತನ್ನ ಅಂಗಡಿಯ ಮುಂದೆ ಊಟಕ್ಕೆ ಕೂತಿದ್ದಳು. ಬೀದಿಯಲ್ಲಿ ಜನ ತಮ್ಮ ತಮ್ಮ ಜಾರುಬಂಡಿಗಳ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ನಾಲ್ಕು ಪುಟ್ಟ ಗಾಲಿಯ ಹಲಗೆ ಅದು. ನಮ್ಮೂರಿನಲ್ಲಿ ಚಪ್ಪಲಿ ಇಲ್ಲದವರು ಸಿಗಬಹುದು, ಜಾರುಬಂಡಿ ಇಲ್ಲದವರು ಸಿಗುವುದಿಲ್ಲ.

ಸೈರನ್ ಕೂಗಿತು. ಊರು ಹೊರಳಿತು. ವ್ಯಾನಿನೊಳಗಿನ ಹಸಿರು ದೀಪ ಒಮ್ಮೆ ಮಿಟುಕಿ ಆರಿಹೋಯಿತು. ಅದುವರೆಗೆ ಮೂಡಲಿಗೆ ಇಳಿಜಾರಿದ್ದ ನೆಲ ಸಮವಾಗಿ ಮತ್ತೆ ಪಡುವಲಿಗೆ ಇಳಿದದ್ದು ಅದರ ಲೆಕ್ಕಕ್ಕೆ ಸಿಗಲಿಲ್ಲವೆಂದು ಆಮೇಲೆ ಶೇರಿಗಾರರು ಹೇಳಿದರು. ಆಗ ನಾವು ಕಂಡದ್ದು ಇಷ್ಟೇ: ವ್ಯಾನು ಸದ್ದಿಲ್ಲದೆ, ಮನೆಗೆ ಹೊರಟ ಎಮ್ಮೆಯ ಹಾಗೆ, ಪಡುವಲಿಗೆ ನಡೆಯತೊಡಗಿತು.

ಖಾಲಿ ವ್ಯಾನಾಗಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಹಿಂದಿನ ಗಾಜಿನಲ್ಲಿ ಅಪ್ಪನ ಅಂಗಾಲುಗಳು ಕಂಡವು. ಊಟ ಮುಗಿಸಿ, ಯಾರಿಗೂ ಹೇಳದೆ, ಕೊನೆಯ ಸಾಲಿನಲ್ಲಿ ಹೋಗಿ ಮಲಗಿದ್ದರು.

ನಾನು ಕೂಗಿಕೊಂಡು ಓಡಿದೆ. ಓಡುತ್ತ ನಾನು ನೋಡಿದ್ದು ಅರ್ಧ, ಉಳಿದರ್ಧ ಬೀದಿಯವರು ತಿಂಗಳುಗಟ್ಟಲೆ ಹೇಳಿದ್ದು. ಮುದ್ದತ್ತೆ ತಟ್ಟೆ ಬಿಟ್ಟು ಎದ್ದಳು, ಎಂಜಲು ಕೈಯಲ್ಲೇ ಒಂದು ಬೆಣೆ ಹಿಡಿದಳು, ತನ್ನ ಜಾರುಬಂಡಿಯನ್ನು ಬೀದಿಗೆ ಎಳೆದಳು. ಶೇರಿಗಾರರು ಅದರ ಮುಂದೆ ಹಾರಿ ಕೂತು ಹಗ್ಗ ಹಿಡಿದರು. ಹುಟ್ಟಿದಂದಿನಿಂದ ಅವರು ಜಾರುಬಂಡಿ ಹತ್ತಿದವರಲ್ಲ. ಮುದ್ದತ್ತೆ ಹಿಂದೆ ಕೂತು ಅವರ ಸೊಂಟವನ್ನು ಎಡಗೈಯಲ್ಲಿ ಅಪ್ಪಿಕೊಂಡು, ಬಲಗಾಲಿನಲ್ಲಿ ನೆಲ ಒದ್ದಳು. ಐವತ್ತೇಳು ವರ್ಷದ ನನ್ನ ಅತ್ತೆ ಮತ್ತು ಅರವತ್ತರ ಆ ಮನುಷ್ಯ ಮೂಡಲಪೇಟೆಯಿಂದ ಪಡುವಲಬೀದಿಯವರೆಗೆ ಆಗಷ್ಟೇ ಊಟದಿಂದ ಎದ್ದ ಇಡೀ ಊರಿನ ನಡುವೆ ಹಾಗೆ ಹಾದುಹೋದರು.

"ಎಡಕ್ಕೆ ವಾಲಿ," ಅನ್ನುತ್ತಿದ್ದಳಂತೆ ಅವಳು. "ನನ್ನ ಎಡ ಅಲ್ಲ, ನಿಮ್ಮ ಎಡ."

"ಎರಡೂ ಒಂದೇ ಅಲ್ವಾ ಮಾರಾಯ್ತಿ," ಅನ್ನುತ್ತಿದ್ದರಂತೆ ಇವರು.

ಬೀದಿಯವರು ವ್ಯಾನಿನ ಮುಂದೆ ಕೈಗೆ ಸಿಕ್ಕಿದ್ದನ್ನೆಲ್ಲ ಒಗೆದರು. ಗೋಣಿಚೀಲ, ಚಾಪೆ, ಒಂದು ಹಲಸಿನಹಣ್ಣು. ಅದು ಎಲ್ಲವನ್ನೂ ಮರ್ಯಾದೆಯಿಂದ ಹತ್ತಿ ಇಳಿಯಿತು. ಅಡ್ಡ ನಿಂತವರು ಕಡೆಗಳಿಗೆಯಲ್ಲಿ ಜಿಗಿದು ದೂರ ಸರಿದರು. ಡಿಪೋ ದಾಟಿ ಪಡುವಲಬೀದಿ ಶುರುವಾಗುವಲ್ಲಿ ಜಾರುಬಂಡಿ ವ್ಯಾನಿನ ಪಕ್ಕಕ್ಕೆ ಬಂತು. ಮುದ್ದತ್ತೆ ಕಾಲು ಚಾಚಿ ಬಾಗಿಲ ಕೆಳಗೆ ಆಡಿಸಿದಳು. ಬಾಗಿಲು ಸರ್ರನೆ ಸರಿಯಿತು. ಶೇರಿಗಾರರು ಒಳಗೆ ಹಾರಿದರು, ಸೀಟುಗಳ ನಡುವೆ ತೆವಳಿ, ಕಾಲಿಗೆ ಬದಲು ಎರಡೂ ಕೈಯಿಂದ ಬ್ರೇಕನ್ನು ಒತ್ತಿ ಹಿಡಿದರು. ವ್ಯಾನು ನಿಂತಿತು. ಓಡಿಸುವವರಿಲ್ಲದ ಜಾರುಬಂಡಿ ನಿಲ್ಲಲಿಲ್ಲ. ಅದು ಮುದ್ದತ್ತೆಯನ್ನು ಹೊತ್ತುಕೊಂಡು ನೇರ ಹಾಸಿಗೆ ಹೊಲಿಯುವ ಮೌಲಾಸಾಬರ ಹತ್ತಿಯ ರಾಶಿಗೆ ನುಗ್ಗಿತು.

ನಾನು ಏದುಸಿರು ಬಿಡುತ್ತ ಅಲ್ಲಿಗೆ ಮುಟ್ಟಿದಾಗ ರಾಶಿಯಿಂದ ಬೆಣೆ ಹಿಡಿದ ಕೈಯೊಂದು ಮಾತ್ರ ಹೊರಗಿತ್ತು. ಶೇರಿಗಾರರು ಆ ಕೈ ಹಿಡಿದು ಎಳೆದರು. ಮುದ್ದತ್ತೆ ಎದ್ದಳು. ರೆಪ್ಪೆ, ಹುಬ್ಬು, ಜಡೆ, ಎಲ್ಲ ಹತ್ತಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನಗಲು ಶುರುಮಾಡಿದರು. ಮೌಲಾಸಾಬರು ನಕ್ಕರು, ಬೀದಿ ನಕ್ಕಿತು, ನಾನು ಅಳುತ್ತಲೂ ನಗುತ್ತಲೂ ವ್ಯಾನಿನೊಳಗೆ ಇಣುಕಿದೆ. ಅಪ್ಪ ಕಣ್ಣು ಬಿಟ್ಟು, "ಮನೆ ಬಂತಾ?" ಎಂದರು. ನಮ್ಮ ಮನೆ ಅಲ್ಲಿಂದ ನಾಲ್ಕನೆಯದು. ಬಂದಿತ್ತು.

ನಗು ಇಳಿದ ಮೇಲೆ ಬೀದಿಯ ಕಣ್ಣೆಲ್ಲ ನನ್ನ ಮೇಲೆ ಬಿತ್ತು. ಸೋಮವಾರ ಪತ್ರಿಕೆ ಬರಬೇಕು, ಭಾನುವಾರ ಮಧ್ಯಾಹ್ನದೊಳಗೆ ನಾನು ಬರೆದು ಕೊಡಬೇಕು.

ಭಾನುವಾರ ಬೆಳಿಗ್ಗೆ ಜಗಲಿಯ ಮೇಜಿನ ಮುಂದೆ ಕೂತೆ. ಸೀಟು, ಬಾಗಿಲು, ಪೆಟ್ರೋಲು, ಏರಿನ ಎಳೆತ, ಎಲ್ಲ ಬರೆದೆ. ಎಲ್ಲವೂ ಹೊಗಳಿಕೆಯೇ. ನಿಲ್ಲುವ ವಿಷಯ ಬಂದಾಗ ಪೆನ್ನು ನಿಂತಿತು. ಶ್ರೀಕಂಠು ಕಾಫಿ ತಂದಿಟ್ಟು ಹೇಳಿದರು, "ಬೆಣೆ ಕೊಟ್ಟಾಗ ಚೆನ್ನಾಗಿ ನಿಲ್ಲುತ್ತೆ ಅಂತ ಬರಿ ಇಂದು. ಅದು ಸುಳ್ಳೇನಲ್ಲ."

"ಅದು ನಿಜಾನೂ ಅಲ್ವಲ್ಲ ರೀ."

ಅವರು ತಲೆ ಕೆರೆದುಕೊಂಡು ಒಳಗೆ ಹೋದರು. ಅವಳಿಗಳು ಬಂದು ನನ್ನ ಎರಡೂ ಪಕ್ಕದಲ್ಲಿ ನಿಂತರು. "ಅಮ್ಮ, ಶೇರಿಗಾರ್ ತಾತ ಇಲ್ಲೇ ಇರೋ ಥರ ಬರಿ," ಎಂದಳು ಮಲ್ಲಿ. ಅವರಿಗೂ ಬುದ್ಧಿ ಹೇಳಿ ಕಳಿಸಿದೆ, ನನಗೆ ಮಾತ್ರ ಹೇಳಿಕೊಳ್ಳಲಾಗಲಿಲ್ಲ. ನನ್ನನ್ನು ಬೆಳೆಸಲೆಂದು ಒಬ್ಬಳು ಹತ್ತನೆಯ ಗಂಡನ್ನು ನೋಡದೆ ಉಳಿದಳು. ಈಗ ಮೂವತ್ನಾಲ್ಕು ವರ್ಷದ ಮೇಲೆ ಅವಳಿಗೊಂದು ನಗು ಬಂದಿದೆ. ಅದನ್ನು ಕಿತ್ತುಕೊಳ್ಳುವ ಸಾಲನ್ನು ನಾನೇ ಬರೆಯಬೇಕು. ಬರೆಯದೆ ಬಿಟ್ಟರೆ ನಾಳೆ ಯಾರದೋ ಮನೆಯ ಮುಂದೆ ಇನ್ನೊಬ್ಬ ಮೂಡಲಗಿರಿಯಪ್ಪ ನಿದ್ದೆಹೋಗಿರುತ್ತಾನೆ, ಅಲ್ಲಿ ಹತ್ತಿಯ ರಾಶಿ ಇರುವುದಿಲ್ಲ.

ಮುದ್ದತ್ತೆ ಬಂದು ಎದುರಿಗೆ ಕೂತಳು. ಕಿವಿಯ ಹಿಂದೆ ಇನ್ನೂ ಸ್ವಲ್ಪ ಹತ್ತಿ ಉಳಿದಿತ್ತು.

"ಎಲ್ಲೀವರ್ಗೆ ಬಂತು?"

"ಬಾಗಿಲಿನವರೆಗೆ."

"ಆಮೇಲೆ?"

ಅವಳು ಕಾಗದವನ್ನು ತನ್ನ ಕಡೆಗೆ ತಿರುಗಿಸಿ ಓದಿದಳು, ಮತ್ತೆ ನನ್ನ ಕಡೆಗೆ ತಳ್ಳಿದಳು. "ನೋಡು ಮಗಾ. ಒಂಬತ್ತು ಜನಾನ ನಾನು ನಿಯತ್ತಾಗಿ ಫೇಲು ಮಾಡಿದೀನಿ. ಒಬ್ಬನ್ನ ನೀನು ಸುಳ್ಳು ಬರ್ದು ಪಾಸು ಮಾಡ್ಸೋದು ಬೇಡ."

"ಅವರು ಹೋಗ್ಬಿಡ್ತಾರೆ ಮುದ್ದತ್ತೆ."

"ಹೋಗ್ಲಿ." ಅವಳು ಕಿವಿಯ ಹಿಂದಿನ ಹತ್ತಿಯನ್ನು ಕಿತ್ತು ಬೆರಳಲ್ಲಿ ಹೊಸೆದಳು. "ನಿಂಗೆ ಗೊತ್ತಾ, ನಿನ್ನೆ ಸಾಯಂಕಾಲ ಅವರೇ ಬಂದು ಹೇಳಿದ್ರು. 'ಮೇಡಮಿಗೆ ಹೇಳಿ, ಇದ್ದದ್ದು ಇದ್ದ ಹಾಗೆ ಬರೀಲಿ, ನನ್ನ ಮುಖ ನೋಡುದು ಬೇಡ' ಅಂತ. ಹಾಗೆ ಹೇಳೋರು ಅಂತ್ಲೇ ನಂಗೆ..." ಮಾತು ಅಲ್ಲಿಗೆ ಬಿಟ್ಟು ಎದ್ದಳು. "ಬರಿ. ನಿಲ್ಲಲು ಬಾರದು ಅಂತ ಬರಿ. ಕಾಗುಣಿತ ತಪ್ಪದ ಹಾಗೆ ಬರಿ."

ಬರೆದೆ. ಓಡಲು ಬಲ್ಲದು, ಏರಲು ಬಲ್ಲದು, ತುಂಬಿಕೊಳ್ಳಲು ಬಲ್ಲದು, ನಮ್ಮ ಊರಿನಲ್ಲಿ ನಿಲ್ಲಲು ಬಾರದು, ಈಗಿನ ರೂಪದಲ್ಲಿ ಯಾರೂ ಕೊಳ್ಳಬಾರದು. ಸೋಮವಾರ ಬೆಳಿಗ್ಗೆ ಶೇರಿಗಾರರು ಪತ್ರಿಕೆಯನ್ನು ನಮ್ಮ ಮನೆಯ ಮುಂದೆ ನಿಂತೇ ಓದಿದರು, ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು. "ಸರಿಯಾಗಿ ಬರ್ದಿದ್ದೀರಿ ಮೇಡಮ್. ನಾನು ಬರ್ದಿದ್ರೂ ಹೀಗೇ ಬರೀತಿದ್ದೆ," ಎಂದರು. ಕಂಪನಿಯಿಂದ ಆಗಲೇ ಫೋನು ಬಂದಿತ್ತು, ಗಾಡಿ ವಾಪಸು ತರಬೇಕೆಂದು. ಮುದ್ದತ್ತೆ ಹೊರಗೆ ಬರಲಿಲ್ಲ. ಹಿತ್ತಿಲಲ್ಲಿ ಅವಳ ಉಳಿಯ ಸದ್ದು ಕೇಳುತ್ತಿತ್ತು, ಒಂದೇ ಸಮನೆ. ಅವರು ಆ ಸದ್ದಿನ ಕಡೆಗೆ ಒಮ್ಮೆ ಕೈ ಮುಗಿದು ವ್ಯಾನು ಹತ್ತಿದರು. ಅದು ಮೂಡಲಿಗೆ ಸದ್ದಿಲ್ಲದೆ ಇಳಿದುಹೋಯಿತು.

ವ್ಯಾನಿನ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಮುಂದಿನ ವರ್ಷ ಕಂಪನಿಯವರು ಅದನ್ನು ಸರಿಮಾಡಿ ಮತ್ತೆ ಕಳಿಸಿದರು. ಇಪ್ಪತ್ತು ಸಮಗಳಿಗೆ ಬೆಣೆಯಿಲ್ಲದೆ ನಿಲ್ಲಿಸಿ ನೋಡಿದೆ, ಕದಲಲಿಲ್ಲ. ಒಪ್ಪಬಹುದೆಂದು ಬರೆದೆ. ಈಗ ಊರಿನಲ್ಲಿ ಅಂಥವು ಹದಿನಾಲ್ಕಿವೆ. ಎಲ್ಲರೂ ಗುಂಡಿ ಒತ್ತಿ, ಜೊತೆಗೆ ಬೆಣೆಯನ್ನೂ ಕೊಡುತ್ತಾರೆ. ರೂಢಿ.

ಆದರೆ ನಾನು ಹೇಳಬೇಕೆಂದದ್ದು ಅದಲ್ಲ. ಶೇರಿಗಾರರು ಹೋದ ಹದಿನೇಳನೆಯ ದಿನ, ಸಮಗಳಿಗೆಯಲ್ಲಿ, ಮಧ್ಯಾಹ್ನದ ಬಸ್ಸಿನಿಂದ ಒಂದು ಟ್ರಂಕು ಹೊತ್ತು ಒಬ್ಬರು ಇಳಿದರು. ಕಿವಿಯ ಮೇಲೆ ಪೆನ್ಸಿಲ್ಲು. ನೇರ ಮುದ್ದತ್ತೆಯ ಅಂಗಡಿಗೆ ಬಂದು ನಿಂತರು. ಬೀದಿಯಲ್ಲಿ ಊಟಕ್ಕೆ ಕೂತವರ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ನಾನು ಕಚೇರಿಯ ಕಿಟಕಿಯಲ್ಲಿದ್ದೆ.

ಮುದ್ದತ್ತೆ ತಲೆ ಎತ್ತಿದಳು. "ಏನು ಬಂದ್ರಿ?"

"ಕೆಲಸ ಬಿಟ್ಟೆ."

"ಯಾಕೆ?"

"ಫೇಲಾದ್ದು ವ್ಯಾನು. ನನ್ನ ಪರೀಕ್ಷೆ ಇನ್ನೂ ಯಾರೂ ಮಾಡ್ಲಿಲ್ಲ. ಮಾಡಿಸ್ಕೊಂಡು ಹೋಗುವ ಅಂತ ಬಂದೆ."

"ಹೋಗೋಕೆ ಬಂದ್ರಾ?"

"ಪಾಸಾದ್ರೆ ಹೋಗುದಿಲ್ಲ."

"ಒಂಬತ್ತು ಜನ ಫೇಲಾಗಿದಾರೆ."

"ಗೊತ್ತುಂಟು. ನಿಮ್ಮ ಅಣ್ಣ ಹೇಳಿದ್ದಾರೆ."

"ಅವನ ಬಾಯಲ್ಲಿ ಏನೂ ನಿಲ್ಲಲ್ಲ," ಎಂದಳು ಮುದ್ದತ್ತೆ. ಸೈರನ್ ಕೂಗಿತು. ಯಾರೂ ಏಳಲಿಲ್ಲ. ಊರು ಹೊರಳಿತು. ಬೀದಿಯುದ್ದಕ್ಕೂ ನಿಂಬೆಹಣ್ಣು, ಚೊಂಬು, ಬುತ್ತಿಯ ಮುಚ್ಚಳ, ನೊರೆ ಹಚ್ಚಿಕೊಂಡ ಗಿರಾಕಿಯ ಸಮೇತ ಕ್ಷೌರದ ಕುರ್ಚಿ, ಎಲ್ಲ ಪಡುವಲಿಗೆ ಹೊರಟವು. ಜನ ನಗುತ್ತ, ಬೈಯುತ್ತ, ಅವುಗಳ ಹಿಂದೆ ಓಡಿದರು. ಮುದ್ದತ್ತೆ ಅದಾವುದನ್ನೂ ನೋಡಲಿಲ್ಲ. "ಕೈ ತೊಳ್ಕೊಂಡು ಬನ್ನಿ, ಊಟ ಇದೆ," ಎಂದಳು. "ಏಳು ದಿನ ನೋಡ್ತೀನಿ. ಆಮೇಲೆ ಹೇಳ್ತೀನಿ."

ಏಳು ದಿನ ಆಗಲಿಲ್ಲ. ಬರಿಯ ನಾಲ್ಕು ದಿನದಲ್ಲಿ ಅವಳು ಏನು ನೋಡಿದಳೋ ನನಗೆ ಹೇಳಿಲ್ಲ. ಐದನೆಯ ದಿನ ಬೆಳಿಗ್ಗೆ ನಾವೆಲ್ಲ ಹೊಸ ಬಟ್ಟೆ ಉಟ್ಟು, ಮಲ್ಲಿಗೆ ಮುಡಿದು, ಸಾಲಾಗಿ ಜಾರಿಕೊಂಡು ಮದುವೆ ನೋಂದಣಿ ಕಚೇರಿಗೆ ಹೋದೆವು. ಅಪ್ಪನಿಗೆ ಅಷ್ಟರಲ್ಲಿ ವಿಷಯ ತಿಳಿದಿತ್ತು; ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ತಾನೇ ಮೊದಲು ಕಂಡುಹಿಡಿದದ್ದೆಂದು ಹೇಳುತ್ತಿದ್ದರು. ಅವಳಿಗಳು ಬಿಲ್ಲೆಗಳ ಡಬ್ಬಿ ಹಿಡಿದು ಕಂಡಕಂಡವರಿಗೆ ಹಂಚಿದರು. ಗುಮಾಸ್ತರು ತಡವಾಗಿ ಬಂದರು. ಹೆಸರು, ವಯಸ್ಸು, ಸಾಕ್ಷಿಗಳು, ಎಲ್ಲ ಬರೆಯುವ ಹೊತ್ತಿಗೆ ಸಮಗಳಿಗೆ ಶುರುವಾಗಿತ್ತು.

ಶೇರಿಗಾರರು ಕಿವಿಯ ಮೇಲಿನ ಪೆನ್ಸಿಲ್ಲಿಗೆ ಕೈ ಹಾಕಿ, ಗುಮಾಸ್ತರು ಗದರಿದ ಮೇಲೆ ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಪೆನ್ನು ಮುದ್ದತ್ತೆಯ ಕೈಗೆ ಬಂತು. ಜಾಲಿಯನ್ನು ಬೆಣ್ಣೆಯಂತೆ ಕೊರೆಯುವ ಆ ಕೈ ಕಾಗದದ ಮೇಲೆ ನಿಂತುಬಿಟ್ಟಿತು. 'ಮು' ಎಂದು ಬರೆದಳು, ಅಕ್ಷರ ಅಂಕುಡೊಂಕಾಯಿತು, ಮುಂದೆ ಹೋಗಲಿಲ್ಲ.

"ಈ ಮೇಜು ಅಲ್ಲಾಡ್ತಿದೆ ಕಣೇ ಇಂದೂ," ಎಂದಳು ನನ್ನ ಕಡೆ ನೋಡದೆ.

ಹೊರಗೆ ಊರು ಅಂಗೈಯಷ್ಟು ಸಮವಾಗಿತ್ತು. ಮೇಜಿನ ಮೇಲಿದ್ದ ಲೋಟದ ನೀರಿನಲ್ಲಿ ಒಂದು ಅಲೆಯೂ ಇರಲಿಲ್ಲ.

"ಹೌದು ಮುದ್ದತ್ತೆ, ಅಲ್ಲಾಡ್ತಿದೆ," ಎಂದೆ. ನೆಲದ ಮೇಲೆ ಕೂತು ಮೇಜಿನ ಕಾಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಸಹಿ ಮುಗಿಸುವವರೆಗೂ ಬಿಡಲಿಲ್ಲ.